ಮೈಲುತುತ್ತದಲ್ಲಿ ನೀರೆಷ್ಟು? ಹಳೇ ಇಸ್ತ್ರಿ ಪೆಟ್ಟಿಗೆಯ ಮೇಲೆ ಕಾಯಿಸಿ ತೆಗೆದ ಲೆಕ್ಕ

ಬಣ್ಣ ಮಾಸಿದ ಮೈಲುತುತ್ತ ಕಂಡರೆ ಅಡಿಕೆ ತೋಟದವರು ಮುಖ ಸಿಂಡರಿಸುತ್ತಾರೆ. ಕಡು ನೀಲಿ ಇದ್ದರೆ ಒಳ್ಳೇ ಮಾಲು, ಬಿಳಿಚಿಕೊಂಡಿದ್ದರೆ ಸತ್ವ ಹೋದ ಮಾಲು ಅಂತ ಒಂದು ನಂಬಿಕೆ. ಚನ್ನಗಿರಿ ಕಡೆ ತೋಟ ಇರುವ ನಮ್ಮ ಭಾವನೂ ಇದೇ ಮಾತು ಹೇಳಿದರು. ತಗಡಿನ ಶೆಡ್ಡಿನಲ್ಲಿ ಬಾಯಿ ಬಿಚ್ಚಿ ಇಟ್ಟಿದ್ದ ಚೀಲ ಒಂದು ಪೂರ್ತಿ ಬೇಸಿಗೆ ಒಣಗಿತ್ತು. ಹರಳಿನ ಮೇಲೆಲ್ಲ ತಿಳಿ ನೀಲಿ ಪುಡಿ ಕೂತಿತ್ತು. "ಬಣ್ಣ ಹೋಗೈತೆ, ಸತ್ವನೂ ಹೋಗಿರ್ತೈತೆ. ಈ ಸಲ ಬೋರ್ಡೋಗೆ ಎರಡು ಮುಷ್ಟಿ ಜಾಸ್ತಿನೇ ಹಾಕ್ಬೇಕು ನೋಡಪ" ಅಂದರು. ಬೋರ್ಡೋ ಅಂದರೆ ಮೈಲುತುತ್ತ, ಸುಣ್ಣ ಕಲಸಿ ರೋಗ ತಡೆಯಲು ತೋಟಕ್ಕೆ ಹೊಡೆಯುವ ದ್ರಾವಣ.

ನನ್ನ ಪ್ರಕಾರ ಇದು ಉಲ್ಟಾ. ಮೈಲುತುತ್ತದ ಹರಳಿನೊಳಗೆ ನೀರು ಇರುತ್ತದೆ. ಅಣುಗಳನ್ನು ಎಣಿಸಿದರೆ ಒಂದು ಪಾಲು ತಾಮ್ರದ ಸಲ್ಫೇಟಿಗೆ ಐದು ಪಾಲು ನೀರು. ತೂಕದಲ್ಲಿ ಹೇಳುವುದಾದರೆ ನೂರು ಗ್ರಾಂ ಹರಳಿನಲ್ಲಿ 36 ಗ್ರಾಂ ನೀರೇ. ಬೇಸಿಗೆಯ ಒಣ ಗಾಳಿಗೆ ಹಾರಿಹೋಗುವುದು ಈ ನೀರು, ತಾಮ್ರ ಅಲ್ಲ. ಹಾಗಾಗಿ ಬಿಳಿಚಿದ ಮಾಲಿನ ಒಂದು ಕಿಲೋದಲ್ಲಿ ತಾಮ್ರ ಜಾಸ್ತಿಯೇ ಇರಬೇಕು. ಆದರೆ ಎಷ್ಟು ಜಾಸ್ತಿ? ಅದನ್ನು ಬಾಯಿ ಮಾತಲ್ಲಿ ಹೇಳಿದರೆ ಭಾವ ಒಪ್ಪುವವರಲ್ಲ. ಕಾಯಿಸಿ, ತೂಗಿ ತೋರಿಸಬೇಕು.

ಉಪಾಯ ಪಿಯುಸಿ ಪುಸ್ತಕದ್ದೇ. ಉಪ್ಪನ್ನು (ಇಲ್ಲಿ ಉಪ್ಪು ಅಂದರೆ ಮೈಲುತುತ್ತವೇ) ತೂಗು, ನೀರು ಪೂರ್ತಿ ಹೋಗುವವರೆಗೆ ಕಾಯಿಸು, ಮತ್ತೆ ತೂಗು. ಕಡಿಮೆಯಾದದ್ದು ನೀರು, ಉಳಿದದ್ದು ಒಣ ಉಪ್ಪು. ಹೇಳಲು ಇಷ್ಟೇ. ಮಾಡಲು ಹೋದರೆ ಬಿಸಿ ಹತೋಟಿಯಲ್ಲಿರಬೇಕು, ಆರಿಸುವಾಗ ತೇವ ತಾಗಬಾರದು, ತಕ್ಕಡಿ ಸುಳ್ಳು ಹೇಳಬಾರದು. ಈ ಬರಹದ ಮುಕ್ಕಾಲು ಪಾಲು ಅದರ ಕತೆಯೇ.

ಒಲೆ ಕಟ್ಟಿದ್ದು

ಗ್ಯಾಸ್ ಒಲೆ ಮೊದಲೇ ಬೇಡ ಅಂದುಕೊಂಡೆ. ಉರಿಯ ನೇರಕ್ಕೆ ಇಟ್ಟ ಮೂಸೆಯ (ಉಪ್ಪು ಕಾಯಿಸುವ ಪುಟ್ಟ ಬಟ್ಟಲು) ತಳ ಎಷ್ಟು ಕಾದಿದೆ ಅಂತ ಗೊತ್ತಾಗುವುದಿಲ್ಲ. ಸುಮಾರು 600 ಡಿಗ್ರಿ ದಾಟಿದರೆ ನೀರು ಮಾತ್ರ ಅಲ್ಲ, ಸಲ್ಫೇಟೇ ಒಡೆಯುತ್ತದೆ. ಗಂಟಲು ಸುಡುವ ಗಂಧಕದ ಹೊಗೆ ಎದ್ದು ತಳದಲ್ಲಿ ಕಪ್ಪು ತಾಮ್ರದ ಆಕ್ಸೈಡ್ ಉಳಿಯುತ್ತದೆ. ಆಗ ಕಳೆದ ತೂಕವೆಲ್ಲ ನೀರು ಅಂತ ಲೆಕ್ಕ ಹಾಕಿದರೆ ಐದರ ಬದಲು ಆರೋ ಏಳೋ ನೀರು ಬರುತ್ತದೆ. ಕಾಲೇಜಿನ ಪ್ರಾಕ್ಟಿಕಲ್ಲಿನಲ್ಲಿ ಹೆಚ್ಚು ಉತ್ತರ ಬಂತು ಅನ್ನುವವರು ಮೂಸೆಯ ಅಂಚಿನಲ್ಲಿ ಕಂದು ಅಥವಾ ಕಪ್ಪು ಬಣ್ಣ ಇದೆಯಾ ಅಂತ ಮೊದಲು ನೋಡಿಕೊಳ್ಳಿ.

ನನ್ನದು ದಾವಣಗೆರೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಕೆಟ್ಟ ಇಸ್ತ್ರಿ ಪೆಟ್ಟಿಗೆಗಳಿಗೆ ಬರ ಇಲ್ಲ. ಹಳೇ ಕಾಲದ, ಎರಕದ ತಳ ಇರುವ, ಭಾರದ 750 ವ್ಯಾಟಿನ ಎರಡು ಪೆಟ್ಟಿಗೆ ಬಿಚ್ಚಿದೆ. ಇವುಗಳಲ್ಲಿ ಅಭ್ರಕದ ಹಾಳೆಗೆ ಸುತ್ತಿದ ನೈಕ್ರೋಮ್ ಪಟ್ಟಿ ಇರುತ್ತದೆ, ಅದರ ಮೇಲೊಂದು ಒತ್ತು ತಗಡು. ಎಲಿಮೆಂಟ್ ಬದಲಿಸುವುದು ಸುಲಭ, ಜಾಸ್ತಿ ಬಿಸಿಯನ್ನೂ ತಡೆಯುತ್ತದೆ. ಈಗಿನ ಹಗುರ ಪೆಟ್ಟಿಗೆಗಳಲ್ಲಿ ಎಲಿಮೆಂಟನ್ನು ಅಲ್ಯೂಮಿನಿಯಂ ತಳದೊಳಗೇ ಎರಕ ಹೊಯ್ದಿರುತ್ತಾರೆ, ಈ ಕೆಲಸಕ್ಕೆ ನನಗೆ ಇಷ್ಟವಾಗಲಿಲ್ಲ.

ಎರಡೂ ತಳಗಳನ್ನು ತಲೆಕೆಳಗು ಮಾಡಿ, ಆಂಗಲ್ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಪಕ್ಕಪಕ್ಕ ಕೂರಿಸಿದೆ. ಎಲಿಮೆಂಟುಗಳನ್ನು ಸೀರೀಸಿನಲ್ಲಿ ಜೋಡಿಸಿದೆ. ಒಂದೇ ಪೆಟ್ಟಿಗೆ 750 ವ್ಯಾಟ್ ಎಳೆದರೆ ಬಿಸಿ ಗುರಿ ದಾಟಿ ಓಡುತ್ತದೆ. ಸೀರೀಸಿನಲ್ಲಿ ಎರಡೂ ಸೇರಿ 375 ವ್ಯಾಟ್ ಸುತ್ತಮುತ್ತ. ಏರುವುದು ನಿಧಾನ, ನಮಗೆ ಬೇಕಾದದ್ದೂ ಅದೇ. ಜೊತೆಗೆ ಎರಡು ಮೂಸೆ ಒಟ್ಟಿಗೆ ಇಡಲು ಜಾಗ.

ಒಳಗಿನ ವೈರಿಂಗಿನಲ್ಲಿ ಬೆಸುಗೆ ಎಲ್ಲೂ ಇಲ್ಲ. ಸಾಮಾನ್ಯ ಸೀಸ ತವರದ ಬೆಸುಗೆ 190 ಡಿಗ್ರಿ ಹೊತ್ತಿಗೆ ಕರಗಿ ಇಳಿಯುತ್ತದೆ. ಎಲ್ಲ ಹಿತ್ತಾಳೆ ಬೋಲ್ಟು, ನಟ್ಟು. ತಂತಿಗೆ ಪ್ಲಾಸ್ಟಿಕ್ ಬದಲು ಪಿಂಗಾಣಿ ಮಣಿ ಪೋಣಿಸಿದೆ. ಎರಡೂ ತಳಕ್ಕೆ ಬೇರೆ ಬೇರೆ ಅರ್ಥ್ ತಂತಿ ಎಳೆದು ಬೋಲ್ಟ್ ಹಾಕಿದೆ. ಇದೊಂದನ್ನು ಯಾರೂ ಬಿಡಬೇಡಿ. ಹಳೇ ಅಭ್ರಕ ಬಿರುಕು ಬಿಟ್ಟು ಪಟ್ಟಿ ತಳಕ್ಕೆ ತಾಗಿದರೆ ತಳವೆಲ್ಲ ಕರೆಂಟು. ಕರೆಂಟು ಸೋರಿಕೆ ಪತ್ತೆ ಮಾಡುವ ಮೆಗ್ಗರ್ ಹಿಡಿದು ನೋಡಿದಾಗ ಒಂದು ಎಲಿಮೆಂಟ್ ಸೋರುತ್ತಿತ್ತು. ಅದನ್ನು ತೆಗೆದು ಹೊಸ ಅಭ್ರಕದ್ದು ಹಾಕಿದೆ.

ಪೆಟ್ಟಿಗೆಯ ಥರ್ಮೋಸ್ಟ್ಯಾಟ್ ಕಿತ್ತು ಬಿಸಾಕಿದೆ. ಅದು ಬಟ್ಟೆಗೆ ಸರಿ, ಹತ್ತಿಪ್ಪತ್ತು ಡಿಗ್ರಿ ಆಚೀಚೆ ಆಡುತ್ತಲೇ ಇರುತ್ತದೆ. ಬದಲಿಗೆ ಬಿಸಿಯನ್ನು ಹೇಳಿದ ಅಂಕಿಯಲ್ಲಿ ಹಿಡಿಯುವ ಒಂದು ಪಿಐಡಿ ಕಂಟ್ರೋಲರ್, ಅದು ಹೇಳಿದಂತೆ ಕರೆಂಟು ಹಾಕಿ ತೆಗೆಯುವ ಒಂದು ಎಸ್‌ಎಸ್‌ಆರ್, ಬಿಸಿ ಅಳೆಯುವ ಒಂದು ಕೆ ಟೈಪ್ ಥರ್ಮೋಕಪಲ್ ತಂತಿ. ಥರ್ಮೋಕಪಲ್ಲಿನ ತುದಿಯನ್ನು ತಳದ ಬೋಲ್ಟಿನ ಕೆಳಗೆ ವಾಷರ್ ಹಾಕಿ ಬಿಗಿದೆ. ಎರಡು ತಳಗಳಲ್ಲಿ ಒಂದು ಸ್ವಲ್ಪ ಜಾಸ್ತಿ ಕಾಯುತ್ತದೆ, ಯಾಕೆಂದರೆ ಎರಡು ಎಲಿಮೆಂಟ್ ಒಂದೇ ಥರ ಇರುವುದಿಲ್ಲ. ಜಾಸ್ತಿ ಕಾಯುವ ಕಡೆಗೇ ಥರ್ಮೋಕಪಲ್ ಹಾಕಬೇಕು. ಕಂಟ್ರೋಲರ್ ಸರಿ ಓದುತ್ತಿದೆಯಾ ಅಂತ ನೋಡಲು ಕುದಿಯುವ ನೀರಿಗೆ ಇಳಿಬಿಟ್ಟೆ. 98 ತೋರಿಸಿತು. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 98ಕ್ಕೆ. 100 ತೋರಿಸಿದ್ದರೆ ಅನುಮಾನ ಪಡಬೇಕಿತ್ತು.

ಮೂಸೆಯನ್ನು ಕಬ್ಬಿಣದ ಮೇಲೆ ಹಾಗೇ ಇಟ್ಟರೆ ತಳದ ಒಂದು ಬಿಂದುವಿಗೆ ಮಾತ್ರ ಬಿಸಿ ತಾಗುತ್ತದೆ. ಅದಕ್ಕೆ ಮರಳು ಬೇಕು. ಮರಳಿಗಾಗಿ ಹೊಳೆ ದಂಡೆಗೆ ಹೋಗಲಿಲ್ಲ, ಊರಲ್ಲೇ ಮಂಡಕ್ಕಿ ಭಟ್ಟಿ ಇವೆಯಲ್ಲ. ಅಕ್ಕಿ ಅರಳಿಸುವ ಮರಳು ದಿನಾ ಬೆಂಕಿಯಲ್ಲೇ ಇರುತ್ತದೆ. ತೇವ ಇಲ್ಲ, ಕಸಕಡ್ಡಿ ಸುಟ್ಟು ಹೋಗಿರುತ್ತದೆ, ಜರಡಿ ಹಿಡಿದು ಒಂದೇ ಗಾತ್ರ ಮಾಡಿರುತ್ತಾರೆ. ಒಂದು ಡಬ್ಬ ಕೇಳಿದ್ದಕ್ಕೆ "ಮಂಡಕ್ಕಿ ಬಿಟ್ಟು ಮರಳು ತಿಂತೀರೇನ್ರಿ" ಅಂತ ನಕ್ಕು ಕೊಟ್ಟರು. ಸ್ಟೀಲ್ ತಟ್ಟೆಯಲ್ಲಿ ಎರಡು ಬೆರಳು ದಪ್ಪ ಮರಳು ಹರಡಿ, ಅದರೊಳಗೆ ಮೂಸೆ ಹೂತಿಟ್ಟು, ಮೇಲೆ ಮಣ್ಣಿನ ಹೂಕುಂಡ ಬೋರಲು ಹಾಕಿದೆ. ಕುಂಡದ ತಳದ ತೂತಿನಿಂದ ಹಬೆ ಹೊರಗೆ, ಬಿಸಿ ಒಳಗೆ.

ತಳದ ಬಿಸಿ ಬೇರೆ, ಮೂಸೆಯ ಬಿಸಿ ಬೇರೆ ಅನ್ನುವುದು ನೆನಪಿರಲಿ. ಮಲ್ಟಿಮೀಟರಿನ ಥರ್ಮೋಕಪಲ್ಲನ್ನು ಮೂಸೆಯ ಪಕ್ಕ ಮರಳಲ್ಲಿ ಚುಚ್ಚಿದಾಗ ತಳ 160 ಇದ್ದರೆ ಮರಳು 110ರ ಹತ್ತಿರ ನಿಂತಿತ್ತು. ಮರಳಿಗೆ 250 ಬೇಕೆಂದರೆ ತಳವನ್ನು 300 ದಾಟಿಸಬೇಕು. ಬರೆದಿಟ್ಟುಕೊಳ್ಳುವುದು ಮರಳಿನ ಅಂಕಿ.

ತಕ್ಕಡಿ ಮತ್ತು ಒಣ ಡಬ್ಬಿ

ತಕ್ಕಡಿ ಬೆಳ್ಳಿ ಬಂಗಾರದವರು ಇಟ್ಟುಕೊಳ್ಳುವ ಪುಟ್ಟ ಜೇಬು ತಕ್ಕಡಿ. 200 ಗ್ರಾಂ ತನಕ ತೂಗುತ್ತದೆ, 0.01 ಗ್ರಾಂ ತೋರಿಸುತ್ತದೆ. ಕಾಲೇಜಿನ ಲ್ಯಾಬಿನ ತಕ್ಕಡಿ ಮುಂದೆ ಇದು ಆಟಿಕೆ. ಆದರೆ ಆಟಿಕೆಯಿಂದಲೂ ಕೆಲಸ ತೆಗೆಯಬಹುದು, ಉಪ್ಪು ಜಾಸ್ತಿ ತೆಗೆದುಕೊಂಡರೆ. ಒಂದೇ ಗ್ರಾಂ ಉಪ್ಪು ತೂಗಿದಿರಿ ಅಂದುಕೊಳ್ಳಿ. ಅದರಲ್ಲಿ ಹೋಗುವ ನೀರು 0.36 ಗ್ರಾಂ. 0.01 ಆಚೀಚೆ ಆದರೂ ಉತ್ತರ 4.8 ಬರಬಹುದು, 5.2ನೂ ಬರಬಹುದು. ಹತ್ತು ಗ್ರಾಂ ತೆಗೆದುಕೊಂಡರೆ ಉತ್ತರದ ಆ ತಪ್ಪು 0.2ರಿಂದ 0.02ಕ್ಕೆ ಇಳಿಯುತ್ತದೆ. ದುಬಾರಿ ತಕ್ಕಡಿ ಕೊಳ್ಳುವುದಕ್ಕಿಂತ ಇನ್ನೊಂದು ಚಮಚ ಮೈಲುತುತ್ತ ಹಾಕುವುದು ಅಗ್ಗ, ಅಲ್ವಾ?

ತೂಗುವಾಗ ಫ್ಯಾನ್ ಆರಿಸಬೇಕು. ಮೇ ತಿಂಗಳಲ್ಲಿ ಇದೇ ದೊಡ್ಡ ಶಿಕ್ಷೆ. ಮೂಸೆಯ ತಳಕ್ಕೆ ಅಂಟಿದ ಮರಳನ್ನು ಪೇಂಟಿಂಗ್ ಬ್ರಷ್ಷಿನಿಂದ ಪ್ರತಿ ಸಲ ಕೊಡವಬೇಕು. ನಾಲ್ಕು ಕಾಳು ಮರಳು ಸಾಕು, ಕೊನೆಯ ಅಂಕಿ ಕೆಡಲು.

ಮೂಸೆಯನ್ನು ಬಿಸಿ ಇರುವಾಗಲೇ ತೂಗಬಾರದು. ಸುತ್ತಲ ಗಾಳಿ ಕಾದು ಮೇಲೇರಿ ತಟ್ಟೆಯನ್ನು ಎತ್ತಿದಂತಾಗಿ ತೂಕ ಕಡಿಮೆ ತೋರಿಸುತ್ತದೆ. ಹಾಗಂತ ಬಯಲಲ್ಲಿ ಆರಲು ಬಿಟ್ಟರೆ ಇನ್ನೊಂದು ಕಷ್ಟ. ನೀರು ಕಳೆದುಕೊಂಡ ಬಿಳಿ ಪುಡಿ ಗಾಳಿಯ ತೇವವನ್ನು ಹಸಿದವರ ಹಾಗೆ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಂತೂ ಕಣ್ಣೆದುರೇ ಅಂಚು ನೀಲಿಯಾಗುತ್ತದೆ. ಲ್ಯಾಬಿನವರು ಇದಕ್ಕೆ ಡೆಸಿಕೇಟರ್ ಅನ್ನುವ ಒಣ ಡಬ್ಬಿ ಇಟ್ಟಿರುತ್ತಾರೆ. ನಾನು ಬಿಗಿ ಮುಚ್ಚಳದ ಅಗಲ ಬಾಯಿಯ ಸ್ಟೀಲ್ ಡಬ್ಬಿ ತೆಗೆದುಕೊಂಡು, ಕೆಳಗೆ ತೇವ ಹೀರುವ ಸಿಲಿಕಾ ಜೆಲ್ ತುಂಬಿ, ಮೇಲೆ ತಂತಿ ಜಾಲರಿ ಬಗ್ಗಿಸಿ ಕೂರಿಸಿದೆ. ಜೆಲ್ಲನ್ನು ಆಗಾಗ ಇದೇ ಒಲೆಯಲ್ಲಿ 110ರಲ್ಲಿ ಕಾಯಿಸಿದರೆ ಮತ್ತೆ ಒಣಗುತ್ತದೆ. ಬಿಸಿ ಮೂಸೆ ಇಟ್ಟ ತಕ್ಷಣ ಮುಚ್ಚಳ ಬಿಗಿ ಮಾಡಬೇಡಿ. ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿದ ಮೇಲೆ ಮುಚ್ಚಳ ತೆಗೆಯಲು ಬರುವುದಿಲ್ಲ. ಎಳೆದಾಡಿ ತೆಗೆದರೆ ಗಾಳಿ ನುಗ್ಗಿ ಪುಡಿ ಹಾರುತ್ತದೆ. ಅರ್ಧ ನಿಮಿಷ ಸಂದು ಬಿಟ್ಟು ಆಮೇಲೆ ಮುಚ್ಚಿದರೆ ಸರಿ.

ಮೂಸೆ ಪಿಂಗಾಣಿಯದೇ ಇರಲಿ, 30 ಎಂಎಲ್‌ನದು. ಅಲ್ಯೂಮಿನಿಯಂ ಬಟ್ಟಲು ಬೇಡವೇ ಬೇಡ, ಒದ್ದೆ ಮೈಲುತುತ್ತ ಅದನ್ನು ತಿಂದು ಹಾಕುತ್ತದೆ. ಇನ್ನೊಂದು ಮಾತು. ಮೈಲುತುತ್ತ ವಿಷ. ಅಡುಗೆ ಮನೆಯ ಚಮಚ, ಬಟ್ಟಲು ಇದಕ್ಕೆ ಬಳಸಿದರೆ ಮತ್ತೆ ಅಡುಗೆಗೆ ಬೇಡ. ಕಣ್ಣಿಗೆ ಕನ್ನಡಕ ಇರಲಿ.

ಮೊದಲು ಗೊತ್ತಿರುವ ಮಾಲು

ಗೊತ್ತಿಲ್ಲದ್ದನ್ನು ಅಳೆಯುವ ಮೊದಲು ಗೊತ್ತಿರುವುದನ್ನು ಅಳೆದು ಒಲೆಯನ್ನು ಪರೀಕ್ಷೆ ಮಾಡಬೇಕು. ಲ್ಯಾಬ್ ಸಾಮಾನಿನ ಅಂಗಡಿಯಿಂದ ಶುದ್ಧ ಹರಳು ತಂದೆ. ಒರಳಲ್ಲಿ ನಯವಾಗಿ ಪುಡಿ ಮಾಡಿದೆ. ದಪ್ಪ ಹರಳನ್ನೇ ಕಾಯಿಸಿದರೆ ಒಳಗಿನ ನೀರು ಒಮ್ಮೆಲೇ ಹಬೆಯಾಗಿ ಹರಳು ಚಟಪಟ ಸಿಡಿದು ಮೂಸೆಯಿಂದ ಆಚೆ ಹಾರುತ್ತದೆ. ಹಾರಿದ್ದೂ ನೀರಿನ ಲೆಕ್ಕಕ್ಕೇ ಸೇರಿಬಿಡುತ್ತದೆ.

ಖಾಲಿ ಮೂಸೆಯನ್ನು ಕಾಯಿಸಿ ಆರಿಸಿ ತೂಗಿದಾಗ 24.36 ಗ್ರಾಂ. ಉಪ್ಪು ಸೇರಿ 34.41. ಅಂದರೆ ಉಪ್ಪು 10.05 ಗ್ರಾಂ.

ಮೈಲುತುತ್ತದ ಐದು ನೀರು ಒಟ್ಟಿಗೆ ಹೋಗುವುದಿಲ್ಲ. ಎರಡು 60 ಡಿಗ್ರಿ ದಾಟಿದ ಮೇಲೆ, ಇನ್ನೆರಡು 110ರ ಹತ್ತಿರ, ಕೊನೆಯದೊಂದು 200 ದಾಟಿದ ಮೇಲೆ. ಐದನೆಯದು ಹರಳಿನಲ್ಲಿ ಬೇರೆ ಥರ ಹಿಡಿದುಕೊಂಡಿದೆ. ನಾಲ್ಕು ನೀರು ತಾಮ್ರಕ್ಕೆ ಅಂಟಿಕೊಂಡಿರುತ್ತವೆ, ಐದನೆಯದನ್ನು ಸಲ್ಫೇಟ್ ಎಳೆದು ಹಿಡಿದಿರುತ್ತದೆ. ಹತೋಟಿ ಇರುವ ಒಲೆ ಕಟ್ಟಿದ್ದರ ಮಜಾ ಇಲ್ಲಿ ಗೊತ್ತಾಯಿತು. ಮರಳನ್ನು 110ರಲ್ಲಿ ಹಿಡಿದು, ಎರಡು ತೂಕ ಒಂದೇ ಬರುವ ತನಕ ಕಾಯಿಸಿದೆ. ತೂಕ 31.53ಕ್ಕೆ ಬಂದು ನಿಂತುಬಿಟ್ಟಿತು. ಎಷ್ಟು ಹೊತ್ತು ಬಿಟ್ಟರೂ ಕೆಳಗಿಳಿಯಲಿಲ್ಲ. ಕಳೆದದ್ದು 2.88 ಗ್ರಾಂ. ನಾಲ್ಕು ನೀರಿಗೆ ಪುಸ್ತಕದ ಲೆಕ್ಕ 2.90. ಪುಡಿಯ ಬಣ್ಣ ಮಾಸಲು ಬಿಳಿ, ಎಲ್ಲೋ ಒಂಚೂರು ನೀಲಿ ಛಾಯೆ.

ಆಮೇಲೆ ಮರಳು 250ಕ್ಕೆ. ತೂಕ ಮತ್ತೆ ಇಳಿದು 30.79ರಲ್ಲಿ ನಿಂತಿತು. ಪುಡಿ ಪೂರ್ತಿ ಬೂದು ಬಿಳಿ. ಒಟ್ಟು ಹೋದ ನೀರು 3.62 ಗ್ರಾಂ, ಉಳಿದ ಒಣ ಉಪ್ಪು 6.43 ಗ್ರಾಂ.

ಈಗ ಗ್ರಾಂಗಳನ್ನು ಪಾಲಿಗೆ ತಿರುಗಿಸಬೇಕು. ಅದಕ್ಕೆ ಮೋಲ್ ಅನ್ನುವ ಅಳತೆ ಇದೆ, ಯಾವ ವಸ್ತುವಿನ ಒಂದು ಮೋಲ್ ತೆಗೆದುಕೊಂಡರೂ ಅಣುಗಳ ಎಣಿಕೆ ಒಂದೇ. ಒಣ ತಾಮ್ರದ ಸಲ್ಫೇಟಿನ ಒಂದು ಮೋಲ್ 159.6 ಗ್ರಾಂ, ನೀರಿನದು 18.02. 6.43ನ್ನು 159.6ರಿಂದ ಭಾಗಿಸಿದರೆ 0.0403. 3.62ನ್ನು 18.02ರಿಂದ ಭಾಗಿಸಿದರೆ 0.2009. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 4.99. ಇಸ್ತ್ರಿ ಪೆಟ್ಟಿಗೆಗೆ ಇದು ಒಳ್ಳೇ ಮಾರ್ಕ್ಸು.

ಭಾವನ ಚೀಲ

ಚೀಲದಿಂದ ಸ್ಯಾಂಪಲ್ ತೆಗೆಯುವಾಗ ಮೇಲಿನ ಪುಡಿ ಮಾತ್ರ ತೆಗೆದರೆ ಒಂದು ಉತ್ತರ, ಕೆಳಗಿನ ಹರಳು ತೆಗೆದರೆ ಇನ್ನೊಂದು. ಹಾಗಾಗಿ ಮೇಲೆ, ನಡುವೆ, ಕೆಳಗೆ ಮೂರೂ ಕಡೆಯಿಂದ ತೆಗೆದು ಬೆರೆಸಿ ಅರೆದೆ.

ಸ್ವಲ್ಪವನ್ನು ಮೊದಲು ನೀರಲ್ಲಿ ಕರಗಿಸಿ ನೋಡಿದೆ. ಕಾಯಿಸಿದಾಗ ಕಳೆಯುವ ತೂಕ ನೀರೆಷ್ಟು ಅಂತ ಹೇಳುತ್ತದೆ, ಉಳಿದದ್ದು ನಿಜಕ್ಕೂ ತಾಮ್ರದ ಸಲ್ಫೇಟೇನಾ ಅಂತ ಹೇಳುವುದಿಲ್ಲ. ಅದನ್ನು ಬೇರೆಯೇ ನೋಡಬೇಕು. ನೀರು ತಿಳಿಯಾಗಿತ್ತು, ತಳದಲ್ಲಿ ಮಣ್ಣು ಇರಲಿಲ್ಲ. ಅಮೋನಿಯಾ ಹನಿಹನಿಯಾಗಿ ಹಾಕಿದಾಗ ಮೊದಲು ತಿಳಿ ನೀಲಿ ಮೊಸರಿನಂಥದ್ದು ಬಂತು, ಇನ್ನಷ್ಟು ಹಾಕಿದಾಗ ಅದು ಕರಗಿ ಗಾಢ ನೀಲಿಯಾಯಿತು. ಕಬ್ಬಿಣದ ಸಲ್ಫೇಟ್ ಬೆರೆಸಿದ್ದರೆ ಕರಗದ ಕೆಸರು ಉಳಿದು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಇಲ್ಲಿ ಏನೂ ಉಳಿಯಲಿಲ್ಲ.

ಸರಿ, ಒಲೆಗೆ. ಉಪ್ಪು 10.02 ಗ್ರಾಂ. 250ರಲ್ಲಿ ತೂಕ ನಿಂತಾಗ ಉಳಿದದ್ದು 7.12, ಹೋದದ್ದು 2.90. ಲೆಕ್ಕ ಹಾಕಿದರೆ ಒಂದು ಪಾಲು ಉಪ್ಪಿಗೆ 3.61 ಪಾಲು ನೀರು.

ಇಂಥ ಉತ್ತರ ಬಂದರೆ ಹುಡುಗರು ಪೂರ್ಣಾಂಕ ಬರಲಿಲ್ಲ ಅಂತ ಗಾಬರಿಯಾಗಿ ನಾಲ್ಕು ಅಂತ ಬರೆದುಬಿಡುತ್ತಾರೆ. ಬೇಡ. 3.61 ನೀರಿನ ಹರಳು ಅಂತ ಒಂದು ಇಲ್ಲ, ನಿಜ. ಆದರೆ ಐದು ನೀರಿನ ಹರಳೂ ಮೂರು ನೀರಿನ ಹರಳೂ ಬೆರೆತರೆ ಸರಾಸರಿ ಹೀಗೇ ಬರುತ್ತದೆ. ಬೇಸಿಗೆಯ ಒಣ ಬಿಸಿಗೆ ಮೊದಲು ಹೋಗುವುದು ಎರಡು ನೀರು, ಉಳಿಯುವುದು ಮೂರು ನೀರಿನ ತಿಳಿ ನೀಲಿ ಉಪ್ಪು. ನೂರರಲ್ಲಿ ಸುಮಾರು 70 ಪಾಲು ಮೂರು ನೀರಿನದು, 30 ಪಾಲು ಇನ್ನೂ ಐದು ನೀರಿನದು ಅಂತಿಟ್ಟುಕೊಂಡರೆ ಸರಾಸರಿ 3.6. ಚೀಲದಲ್ಲಿ ಕಣ್ಣಿಗೆ ಕಂಡದ್ದೂ ಅದೇ. ಮೇಲೆ ಪುಡಿ, ಪುಡಿಯೊಳಗೆ ನೀಲಿ ತಿರುಳು.

ತೋಟಕ್ಕೆ ಬೇಕಾದದ್ದು ನೀರಿನ ಲೆಕ್ಕ ಅಲ್ಲ, ಉಳಿದದ್ದರ ಲೆಕ್ಕ. ಒಣ ತಾಮ್ರದ ಸಲ್ಫೇಟಿನ ತೂಕದಲ್ಲಿ 39.8 ಶೇಕಡಾ ತಾಮ್ರ. ಹೊಸ ಹರಳಿನಲ್ಲಿ ತಾಮ್ರ 25.5 ಶೇಕಡಾ, ಭಾವನ ಮಾಸಿದ ಚೀಲದಲ್ಲಿ 28.3. ಶೇಕಡಾ ಒಂದರ ಬೋರ್ಡೋಗೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಈ ಚೀಲದ್ದಾದರೆ 900 ಗ್ರಾಂ ಹಾಕಿದರೂ ಒಂದು ಕಿಲೋ ಹೊಸ ಹರಳಿಗೆ ಸಮ. ಎರಡು ಮುಷ್ಟಿ ಜಾಸ್ತಿ ಅಲ್ಲ, ಒಂದು ಮುಷ್ಟಿ ಕಡಿಮೆ.

ಜಾಸ್ತಿ ಹಾಕಿದರೆ ಏನಾಗುತ್ತದೆ ಅಂತ ಭಾವ ಕೇಳಿದರು. ತಾಮ್ರಕ್ಕೆ ತಕ್ಕ ಸುಣ್ಣ ಇಲ್ಲದಿದ್ದರೆ ದ್ರಾವಣ ಹುಳಿಯಾಗಿಯೇ ಉಳಿದು ಎಲೆ, ಕಾಯಿ ಸುಡುತ್ತದೆ. ಅದನ್ನು ನೋಡಲು ತೋಟದವರ ಹಳೇ ಉಪಾಯ ಇದ್ದೇ ಇದೆ. ಉಜ್ಜಿ ಹೊಳಪು ಮಾಡಿದ ಚಾಕು ಅದ್ದಿ ತೆಗೆದಾಗ ಕೆಂಪು ತಾಮ್ರ ಕೂತರೆ ಇನ್ನಷ್ಟು ಸುಣ್ಣದ ತಿಳಿ ಹಾಕಬೇಕು. 900 ಗ್ರಾಂ ಲೆಕ್ಕದಲ್ಲಿ ಬಕೆಟ್ಟಿನಲ್ಲಿ ಸ್ವಲ್ಪ ಕಲಸಿ ಚಾಕು ಅದ್ದಿದೆವು. ಚಾಕು ಹಾಗೇ ಬಂತು. "ಆಯ್ತು ಬಿಡಪ, ನಿನ್ ಲೆಕ್ಕನೇ ಇರ್ಲಿ" ಅಂದರು. ಅಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ನನಗೇ ಅನುಮಾನ ಬಂತು.

ಹೋಲಿಸಲು ಅಂಗಡಿಯಲ್ಲಿ ಬಿಡಿಯಾಗಿ ಮಾರುವ, ಫಳಫಳ ಹೊಳೆಯುವ ಕಡು ನೀಲಿ ಮಾಲನ್ನೂ ತಂದು ಕಾಯಿಸಿದೆ. ಕೈಗೆ ಸ್ವಲ್ಪ ಒದ್ದೆ ಅನಿಸುತ್ತಿತ್ತು. 10.10 ಗ್ರಾಂನಲ್ಲಿ 3.93 ಹೋಯಿತು, 6.17 ಉಳಿಯಿತು. ಲೆಕ್ಕ 5.64. ಐದಕ್ಕಿಂತ ಜಾಸ್ತಿ ನೀರು ಹರಳಿನೊಳಗಿನದಲ್ಲ, ಮೇಲೆ ಅಂಟಿದ ತೇವ. ಅದೇ ಮಾಲನ್ನು ಬ್ಲಾಟಿಂಗ್ ಪೇಪರಿನ ನಡುವೆ ಒತ್ತಿ, ನೆರಳಲ್ಲಿ ಆರಿಸಿ ಮತ್ತೆ ಕಾಯಿಸಿದಾಗ ಐದರ ಹತ್ತಿರಕ್ಕೆ ಬಂತು. ಎಲ್ಲರೂ ಒಳ್ಳೇದು ಅಂತ ಆರಿಸಿಕೊಳ್ಳುವ ಆ ಹೊಳೆಯುವ ಮಾಲಿನಲ್ಲಿ ತಾಮ್ರ 24.3 ಶೇಕಡಾ. ಮೂರರಲ್ಲಿ ಕಡಿಮೆ ಅದರಲ್ಲೇ.

ಇದೇ ಒಲೆಯಲ್ಲಿ ಜಿಂಕ್

ಭದ್ರಾ ನಾಲೆಯ ಗದ್ದೆಯವರು ಭತ್ತಕ್ಕೆ ಹಾಕುವ ಜಿಂಕ್ ಸಲ್ಫೇಟಿನಲ್ಲೂ ಇದೇ ಆಟ ಇದೆ. ಚೀಲದ ಮೇಲೆ ಒಂದರಲ್ಲಿ ಜಿಂಕ್ 21 ಶೇಕಡಾ, ಇನ್ನೊಂದರಲ್ಲಿ 33 ಶೇಕಡಾ ಅಂತ ಇರುತ್ತದೆ. 33ರದ್ದು ಬೇರೆ ಔಷಧಿ ಏನಲ್ಲ. ಮೊದಲನೆಯದರಲ್ಲಿ ಏಳು ನೀರು, ಎರಡನೆಯದರಲ್ಲಿ ಒಂದೇ ನೀರು.

ಏಳು ನೀರಿನದನ್ನು ಮೈಲುತುತ್ತದ ಹಾಗೆ ನೇರ 110ಕ್ಕೆ ಏರಿಸಿದರೆ ತನ್ನ ನೀರಲ್ಲೇ ಕರಗಿ, ಕೊತಕೊತ ಕುದ್ದು, ಗಟ್ಟಿ ಹೆಪ್ಪಾಗುತ್ತದೆ. ಒಳಗೆ ನೀರು ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲು ಮರಳನ್ನು 50ರ ಹತ್ತಿರ ರಾತ್ರಿಯಿಡೀ ಬಿಟ್ಟು, ಆಮೇಲೆ ಮೆಲ್ಲಗೆ 120ಕ್ಕೆ ಏರಿಸಿದೆ. 10.03 ಗ್ರಾಂನಲ್ಲಿ 3.74 ಹೋಗಿ ತೂಕ ನಿಂತಿತು, ಅಂದರೆ 37.3 ಶೇಕಡಾ. ಏಳರಲ್ಲಿ ಆರು ನೀರು ಹೋದರೆ ಪುಸ್ತಕದ ಲೆಕ್ಕ 37.6. ಕೊನೆಯ ನೀರಿಗೆ 240 ದಾಟಬೇಕು, 250ರಲ್ಲೂ ತೂಕ ಆಮೆಯಂತೆ ಇಳಿಯುತ್ತಿತ್ತು. ಅದಕ್ಕಾಗಿ ಎಲಿಮೆಂಟ್ ಸುಡುವುದು ಬೇಡ ಅಂತ ಬಿಟ್ಟೆ. ಚೀಲ ಯಾವ ಜಾತಿಯದು ಅಂತ ತಿಳಿಯಲು 120ರ ತೂಕವೇ ಸಾಕು. ಒಂದು ನೀರಿನದಾದರೆ ಆ ಬಿಸಿಗೆ ಹೆಚ್ಚೇನೂ ಕಳೆಯುವುದಿಲ್ಲ. 38ಕ್ಕಿಂತ ಬಹಳ ಜಾಸ್ತಿ ಕಳೆದರೆ ಒಂದೋ ಮಾಲು ಒದ್ದೆ, ಇಲ್ಲವೇ ಮೆಗ್ನೀಸಿಯಂ ಸಲ್ಫೇಟ್ ಬೆರೆತಿರಬಹುದು. ಅದರ ಹರಳಿನಲ್ಲೂ ಏಳು ನೀರು, ಆದರೆ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಆಗ ಕಾಸ್ಟಿಕ್ ಸೋಡಾ ದ್ರಾವಣ ಹಾಕಿ ನೋಡಬೇಕು. ಜಿಂಕಿನ ಬಿಳಿ ಗಸಿ ಇನ್ನಷ್ಟು ಕಾಸ್ಟಿಕ್ ಹಾಕಿದರೆ ಕರಗುತ್ತದೆ, ಮೆಗ್ನೀಸಿಯಂನದು ಕರಗುವುದಿಲ್ಲ. ಕೈಗೆ ಗ್ಲೌಸ್ ಇರಲಿ.

ಮೂಸೆಯಲ್ಲಿ ಉಳಿದ ತಾಮ್ರದ ಬಿಳಿ ಪುಡಿಯನ್ನು ಚರಂಡಿಗೂ ನಾಲೆಗೂ ಸುರಿಯಬಾರದು, ಮೀನಿಗೆ ಅದು ವಿಷ. ಎಲ್ಲ ಒಂದು ಬಾಟಲಿಯಲ್ಲಿ ಕೂಡಿಟ್ಟು ಭಾವನ ಮುಂದಿನ ಡ್ರಮ್ಮಿಗೆ ಕೊಟ್ಟೆ. ನೀರಿಗೆ ಪುಡಿಯನ್ನು ಚೂರುಚೂರೇ ಹಾಕಬೇಕು, ಪುಡಿಯ ಮೇಲೆ ನೀರು ಸುರಿದರೆ ಚುಂಯ್ ಅಂತ ಕಾದು ಸಿಡಿಯುತ್ತದೆ. ಲೆಕ್ಕಕ್ಕೆ ಹಿಡಿಯುವಾಗ 64 ಗ್ರಾಂ ಬಿಳಿ ಪುಡಿ ಅಂದರೆ ನೂರು ಗ್ರಾಂ ನೀಲಿ ಹರಳು.